ನಗೆಸಭೆಯಲ್ಲಿ ನಾವಿಲ್ಲವೆಂದು ತಿಳಿದವರು

1

ಜಾತಿಯ ಹೆಸರು ಹಿಡಿದು ನಗಿಸುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: 'ತಮಾಷೆಗೆ ಅಂದಿದ್ದು ಕಣಯ್ಯಾ, ಅಷ್ಟಕ್ಕೇ ಬೇಜಾರು ಮಾಡ್ಕೋತೀಯಾ?' ಈ ಮಾತಿನೊಳಗೆ ಎರಡು ತೀರ್ಮಾನಗಳಿವೆ. ಆಡಿದ್ದು ತಮಾಷೆಯಾದ್ದರಿಂದ ಅದಕ್ಕೆ ಅರ್ಥವಿಲ್ಲ ಎಂಬುದು ಒಂದು. ಅರ್ಥ ಹುಡುಕಿದವನಲ್ಲೇ ಏನೋ ಊನವಿದೆ ಎಂಬುದು ಇನ್ನೊಂದು. ಬೈಗುಳಕ್ಕೆ ಬೈದವನು ಹೊಣೆ. ತಮಾಷೆಗೆ ಮಾತ್ರ ನಗದೆ ಕೂತವನು ಹೊಣೆ! ಹೊಣೆಯನ್ನು ಇಷ್ಟು ಸಲೀಸಾಗಿ ಏಟು ತಿಂದವನ ಹೆಗಲಿಗೆ ದಾಟಿಸುವ ಇನ್ನೊಂದು ಮಾತಿನ ಪ್ರಕಾರ ನನಗೆ ಗೊತ್ತಿಲ್ಲ.

ದಲಿತ ವಿಮರ್ಶೆ ನಮ್ಮ ನೋವನ್ನು ಓದಿದೆ, ಸಿಟ್ಟನ್ನು ಓದಿದೆ. ನಗೆಯನ್ನು ಅಷ್ಟಾಗಿ ಓದಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಬಗ್ಗೆ ಬರೆಯುವಾಗ ಡಿ.ಆರ್. ನಾಗರಾಜ್ ಬಡವರ ನಗುವಿಗೆ ಇರುವ ಶಕ್ತಿಯತ್ತ ಬೆರಳು ತೋರಿಸಿದರು. ಅದು ನಮ್ಮವರು ನಕ್ಕ ನಗೆ. ನಮ್ಮನ್ನು ನೋಡಿ ನಕ್ಕವರ ನಗೆಯನ್ನು ನಾವು 'ಹಾಸ್ಯ ಸಾಹಿತ್ಯ' ಎಂಬ ಕಪಾಟಿನಲ್ಲಿಟ್ಟು ಸುಮ್ಮನಾದೆವು. ಇವತ್ತು ನಗಿಸುವುದು ಒಂದು ದೊಡ್ಡ ವ್ಯಾಪಾರವಾಗಿದೆ. ಟೀವಿಯಲ್ಲಿ ವಾರಾಂತ್ಯವೆಂದರೆ ಹಾಸ್ಯ, ನಗರದಲ್ಲಿ ಟಿಕೆಟ್ ಕೊಂಡು ಕೂತು ನೋಡುವ ಸ್ಟ್ಯಾಂಡ್ ಅಪ್ ಕಾಮಿಡಿ, ಕೈಯಲ್ಲಿನ ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು. ಹಾಗಿರುವಾಗ ಈ ಮೌನ ಸರಿಯಲ್ಲ.

ತಮಾಷೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಹೇಳುವವನು ಅರ್ಧ ಮಾತ್ರ ಹೇಳುತ್ತಾನೆ. ಉಳಿದರ್ಧವನ್ನು ಕೇಳುವವನು ತನ್ನ ಗಂಟಿನಿಂದ ತೆಗೆದು ಸೇರಿಸಬೇಕು. ಸೇರಿಸಿದ ಕ್ಷಣಕ್ಕೆ ನಗೆ ಬರುತ್ತದೆ. ವಿವರಿಸಿದರೆ ತಮಾಷೆ ಸತ್ತಿತು ಎನ್ನುವುದು ಇದಕ್ಕೇ. ಹಾಗಾದರೆ ಜಾತಿಯ ತಮಾಷೆಗೆ ಸಭೆ ಹೋ ಎಂದು ನಕ್ಕಿತೆಂದರೆ, ಆ ಉಳಿದರ್ಧ ಎಲ್ಲರ ಗಂಟಿನಲ್ಲೂ ಮೊದಲೇ ಇತ್ತು ಎಂದಾಯಿತು. ನಗೆ ಎಂಬುದು ಕೇಳುಗ ಹಾಕುವ ರುಜು. 'ನನಗೆ ಜಾತಿ ಅಂದ್ರೆ ಗೊತ್ತೇ ಇಲ್ಲ ಸಾರ್' ಎನ್ನುವ ಸುಶಿಕ್ಷಿತನೂ ಆ ಕತ್ತಲ ಸಭಾಂಗಣದಲ್ಲಿ ರುಜು ಹಾಕಿಬಿಡುತ್ತಾನೆ. ಈ ಕರಾರಿಗೆ ಇನ್ನೊಂದು ಷರತ್ತಿದೆ: ಯಾರ ಮೇಲೆ ತಮಾಷೆಯೋ ಅವನು ಸಭೆಯಲ್ಲಿ ಇರಬಾರದು, ಇದ್ದರೂ ಇಲ್ಲದವನಂತೆ ಇರಬೇಕು. ಜಾತಿಯ ತಮಾಷೆಯ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಹೇಳಿದವನ ಉದ್ದೇಶ ಏನಿತ್ತು ಎಂಬುದಲ್ಲ. ಆ ಸಭೆಯಲ್ಲಿ ಯಾರು ಇಲ್ಲವೆಂದು ಅವನು ಧೈರ್ಯವಾಗಿ ತಿಳಿದಿದ್ದ ಎಂಬುದು.

2

ಈ ಪ್ರಶ್ನೆಯನ್ನು ಅಮೆರಿಕದ ಕಪ್ಪು ಜನ ನಮಗಿಂತ ಮುಂಚೆಯೇ, ದೊಡ್ಡ ಬೆಲೆ ತೆತ್ತು ಎದುರಿಸಿದ್ದಾರೆ. ಅವರ ಕಡೆ ನೋಡುವುದು ನಮಗೆ ಹೊಸತಲ್ಲ. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮಗಿರಿ ತೊಲಗಿಸಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡುಬೋಯಿಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು.

1830ರ ಸುಮಾರಿಗೆ ತಾಮಸ್ ರೈಸ್ ಎಂಬ ಬಿಳಿಯ ನಟ ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಹರಕು ಬಟ್ಟೆ ತೊಟ್ಟು, ಕಪ್ಪು ಗುಲಾಮನೊಬ್ಬನಂತೆ ಕುಣಿದು ಹಾಡಿದ. ಆ ಪಾತ್ರದ ಹೆಸರು ಜಿಮ್ ಕ್ರೋ. ಬಿಳಿಯರು ಬಿದ್ದು ಬಿದ್ದು ನಕ್ಕರು. ಮುಖಕ್ಕೆ ಮಸಿ ಬಳಿದು ನಗಿಸುವ ಈ ಮಿನ್‌ಸ್ಟ್ರೆಲ್ ಆಟ ಆ ದೇಶದ ಅತ್ಯಂತ ಜನಪ್ರಿಯ ಮನರಂಜನೆಯಾಯಿತು. ಕಪ್ಪು ಮನುಷ್ಯನೆಂದರೆ ಸೋಮಾರಿ, ಕಳ್ಳ, ದಡ್ಡ, ಸದಾ ಹಲ್ಲು ಕಿರಿಯುವವನು ಎಂಬ ಚಿತ್ರ ಅಲ್ಲಿ ಗಟ್ಟಿಯಾಯಿತು. ಗುಲಾಮಗಿರಿ ಹೋದ ಮೇಲೆ ದಕ್ಷಿಣದ ರಾಜ್ಯಗಳು ಕಪ್ಪು ಜನರಿಗೆ ಬೇರೆ ರೈಲು ಡಬ್ಬಿ, ಬೇರೆ ಶಾಲೆ, ಬೇರೆ ನೀರಿನ ನಲ್ಲಿ ಎಂದು ಕಾನೂನು ಮಾಡಿದವು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಬೇರ್ಪಡಿಕೆಗೆ ಒಪ್ಪಿಗೆಯ ಮುದ್ರೆ ಒತ್ತಿತು. ಆ ಕಾನೂನುಗಳಿಗೆ ಜನ ಇಟ್ಟ ಹೆಸರು ಜಿಮ್ ಕ್ರೋ ಕಾನೂನುಗಳು. ರಂಗದ ಮೇಲಿನ ಒಂದು ತಮಾಷೆಯ ಹೆಸರು ಊರಾಚೆಗಿಡುವ ಕಾಯಿದೆಯ ಹೆಸರಾಯಿತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವವರೆಗೂ ಆ ತಮಾಷೆ ಜೀವಂತವಾಗಿ ಜನರನ್ನು ಕೊಂದಿತು. ತಮಾಷೆಗೆ ಅರ್ಥವಿಲ್ಲ ಎನ್ನುವವರು ಈ ಹೆಸರಿನ ಪಯಣವನ್ನೊಮ್ಮೆ ನೋಡಬೇಕು.

ಇದಕ್ಕಿಂತ ನನ್ನನ್ನು ಕಾಡುವುದು ಬರ್ಟ್ ವಿಲಿಯಮ್ಸ್ ಎಂಬ ನಟನ ಬದುಕು. 1874ರಲ್ಲಿ ಹುಟ್ಟಿ 1922ರಲ್ಲಿ ತೀರಿಕೊಂಡ ಈತ ಸ್ವತಃ ಕಪ್ಪು ಮನುಷ್ಯ, ತನ್ನ ಕಾಲದ ಬಹು ದೊಡ್ಡ ಹಾಸ್ಯನಟ. ಆದರೂ ರಂಗಕ್ಕೆ ಬರುವ ಮುನ್ನ ಅವನೂ ಮುಖಕ್ಕೆ ಮಸಿ ಬಳಿದುಕೊಳ್ಳಬೇಕಿತ್ತು. ಇರುವ ಕಪ್ಪು ಸಾಲದು; ನೋಡುವವರ ತಲೆಯಲ್ಲಿರುವ ಕಪ್ಪು ಬೇಕು. ತನ್ನ ಮುಖದ ಮೇಲೆ ತನ್ನದೇ ಮುಖದ ಅಣಕವನ್ನು ಬರೆದುಕೊಂಡರೆ ಮಾತ್ರ ಪ್ರವೇಶ.

ಈ ಕರಾರು ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಎರಡು ಘಟನೆಗಳಿವೆ. 2005ರಲ್ಲಿ ಡೇವ್ ಶಾಪೆಲ್ ಎಂಬ ಕಪ್ಪು ಹಾಸ್ಯಗಾರ, ಕೋಟಿಗಟ್ಟಲೆ ಡಾಲರಿನ ಒಪ್ಪಂದವಿದ್ದ ತನ್ನ ಟೀವಿ ಕಾರ್ಯಕ್ರಮವನ್ನು ನಡುವೆಯೇ ಬಿಟ್ಟು ಹೋದ. ಮಸಿಮುಖದ ವೇಷವಿದ್ದ ಒಂದು ದೃಶ್ಯದ ಚಿತ್ರೀಕರಣದಲ್ಲಿ ಬಿಳಿಯನೊಬ್ಬ ನಕ್ಕ ರೀತಿ ತನ್ನನ್ನು ಕಲಕಿತು ಎಂದು ಅವನು ಆಮೇಲೆ ಹೇಳಿದ. ಜನಾಂಗದ್ವೇಷವನ್ನು ಅಣಕಿಸಲೆಂದೇ ಅವನು ಬರೆದಿದ್ದ ದೃಶ್ಯ ಅದು. ಆ ನಗೆಯಲ್ಲಿ ಅವನಿಗೆ ಕೇಳಿಸಿದ್ದು ಮಾತ್ರ ಹಳೆಯ ಮಿನ್‌ಸ್ಟ್ರೆಲ್ ಆಟದ ನಗೆ. ಬರೆದವನ ಉದ್ದೇಶ ಶುದ್ಧವಾಗಿದ್ದಾಗಲೂ ನಗೆ ಬೇರೆ ಕಡೆಯಿಂದ ಬರಬಹುದು ಎಂಬುದನ್ನು ಅವನು ಕಿವಿಯಿಂದ ಕಂಡುಕೊಂಡ.

ಇನ್ನೊಂದು, 2006ರ ನವೆಂಬರಿನದು. ಲಾಸ್ ಏಂಜಲೀಸ್‌ನ ಲಾಫ್ ಫ್ಯಾಕ್ಟರಿ ಎಂಬ ಕ್ಲಬ್ಬಿನಲ್ಲಿ ಮೈಕೆಲ್ ರಿಚರ್ಡ್ಸ್ ಎಂಬ ಬಿಳಿಯ ನಟನ ಕಾರ್ಯಕ್ರಮದ ನಡುವೆ ಸಭೆಯಲ್ಲಿದ್ದ ಕೆಲವು ಕಪ್ಪು ಜನ ಸದ್ದು ಮಾಡಿದರು. ಅವನು ಕಪ್ಪು ಜನರನ್ನು ಹೀಗಳೆಯುವ ಆ ಹಳೆಯ ಪದವನ್ನು ಮತ್ತೆ ಮತ್ತೆ ಕೂಗಿದ. ಐವತ್ತು ವರ್ಷಗಳ ಹಿಂದಾಗಿದ್ದರೆ ನಿಮ್ಮನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದೆವು ಎಂಬರ್ಥದ ಮಾತನ್ನೂ ಆಡಿದ. ಇಲ್ಲದವನಂತೆ ಇರಬೇಕಾದವನು ಬಾಯಿ ತೆರೆದ. ಕೂಡಲೇ ನಗೆಯ ತೆರೆ ಸರಿದು ಹಿಂದಿದ್ದ ಹಗ್ಗ ಕಂಡಿತು.

3

ನಮ್ಮಲ್ಲಿ ಸ್ಟ್ಯಾಂಡ್ ಅಪ್ ಎಂಬುದು ಮುಂಬಯಿ, ಬೆಂಗಳೂರು, ದೆಹಲಿಯ ಕ್ಲಬ್ಬು ಕೆಫೆಗಳಲ್ಲಿ, ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, 2010ರಿಂದ ಈಚೆಗೆ ಬೆಳೆದ ಕಲೆ. ಒಬ್ಬ ಮನುಷ್ಯ, ಒಂದು ಮೈಕು, ಎದುರಿಗೆ ನಗಲು ಸಿದ್ಧವಾಗಿ ಬಂದ ಜನ. ತನ್ನ ಬದುಕನ್ನು ತಾನೇ ನಿಂತು ಹೇಳುವ ಈ ರೂಪದಲ್ಲಿ ದೊಡ್ಡ ಪ್ರಜಾಸತ್ತಾತ್ಮಕ ಸಾಧ್ಯತೆ ಇದೆ. ಆದರೆ ಅಲ್ಲಿ ಬಹುಕಾಲ ನಿಂತು ಹೇಳಿದವರು ಯಾರು, ಕೂತು ಕೇಳಿದವರು ಯಾರು?

ಆ ಸಭೆಗಳ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಮಾಯಾವತಿಯವರ ಮೇಲಿನ ತಮಾಷೆಗಳೇ ಸಾಕ್ಷಿ. ನಟ ರಣದೀಪ್ ಹೂಡಾ 2012ರಲ್ಲಿ ಒಂದು ವೇದಿಕೆಯ ಮೇಲೆ ಆಡಿದ ತಮಾಷೆಯ ವಿಡಿಯೊ 2021ರ ಮೇನಲ್ಲಿ ಮತ್ತೆ ಹೊರಬಂತು; ವಿಶ್ವಸಂಸ್ಥೆಯ ವಲಸೆ ಪ್ರಾಣಿಗಳ ಒಪ್ಪಂದದ ರಾಯಭಾರಿ ಸ್ಥಾನದಿಂದ ಅವರನ್ನು ತೆಗೆಯಲಾಯಿತು. ಹಾಸ್ಯಗಾರ ಅಬೀಶ್ ಮ್ಯಾಥ್ಯೂ 2012ರಲ್ಲಿ ಬರೆದಿದ್ದ ಟ್ವೀಟ್ ಕೂಡ ಅದೇ ಹೊತ್ತಿಗೆ ಬೆಳಕಿಗೆ ಬಂದು ಅವರು ಕ್ಷಮೆ ಕೇಳಿದರು. ಆ ಮಾತುಗಳನ್ನು ಇಲ್ಲಿ ಮತ್ತೆ ಬರೆದು ಹೊಲಸು ಮಾಡುವುದಿಲ್ಲ. ಅವುಗಳ ಕಟ್ಟಡವನ್ನಷ್ಟೇ ನೋಡೋಣ. ನಾಲ್ಕು ಬಾರಿ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದ ಹೆಂಗಸು ಆಕೆ. ಆಕೆಯ ಆಡಳಿತವನ್ನು, ಮೈತ್ರಿಗಳನ್ನು, ಕಲ್ಲಿನ ಆನೆಗಳನ್ನು ಯಾರಾದರೂ ಗೇಲಿ ಮಾಡಲಿ, ಅದು ರಾಜಕೀಯ ವಿಡಂಬನೆ. ಈ ತಮಾಷೆಗಳಿಗೆ ಅದ್ಯಾವುದೂ ಬೇಡ. ಅವಕ್ಕೆ ಬೇಕಾದ್ದು ಆಕೆಯ ಮೈ. ದಲಿತ ಹೆಣ್ಣಿನ ಮೈ ಯಾರಿಗೂ ಬೇಡವಾದದ್ದು ಎಂಬುದು ತಮಾಷೆಯ ಆಡದ ಅರ್ಧ. ಇದೇ ದೇಶದಲ್ಲಿ ಜಮೀನಿನ ಅಂಚಿನಲ್ಲಿ, ಹೊಲದ ಬದುವಿನಲ್ಲಿ ದಲಿತ ಹೆಣ್ಣುಮಕ್ಕಳ ಮೈಗೆ ಏನಾಗುತ್ತ ಬಂದಿದೆ ಎಂಬುದನ್ನು ಪತ್ರಿಕೆ ಓದುವ ಯಾರೂ ಬಲ್ಲರು. ಬೇಡವೆಂದು ನಗುವ ಬಾಯಿ, ಬೇಕೆಂದು ಎಳೆಯುವ ಕೈ, ಎರಡೂ ಒಂದೇ ಒಡಲಿನವು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಉತ್ಸವದಲ್ಲಿ ಆಡಿದ ಪ್ರಹಸನ ನಮಗೆಲ್ಲ ನೆನಪಿದೆ. ಕೆಳಜಾತಿಯ ಹುಡುಗ ಮೇಲ್ಜಾತಿಯ ಹುಡುಗಿಯನ್ನು ಬಯಸುವುದು ಅದರ ವಸ್ತು. ಮೀಸಲಾತಿಯ ಮೇಲೆ, ಮುಟ್ಟುವಿಕೆಯ ಮೇಲೆ, ಅಂಬೇಡ್ಕರ್ ಅವರ ಹೆಸರಿನ ಮೇಲೆ ಶ್ಲೇಷೆ. ದೂರು ದಾಖಲಾಗಿ ವಿದ್ಯಾರ್ಥಿಗಳ ಬಂಧನವೂ ಆಯಿತು. ಆಗ ಹಲವರು ಅಂದರು: 'ಪಾಪ, ಹುಡುಗರು, ಗೊತ್ತಾಗದೆ ಮಾಡಿದಾರೆ.' ನನಗೆ ಹೊಳೆದದ್ದು ಬೇರೆ. ಗೊತ್ತಿಲ್ಲದೆ ಹೋಗಿದ್ದರೆ ಆ ಶ್ಲೇಷೆಗಳನ್ನು ಕಟ್ಟಲು ಆಗುತ್ತಿತ್ತೆ? ನೋಡಿದವರು ನಗಲು ಆಗುತ್ತಿತ್ತೆ? ಕೆಳಜಾತಿಯ ಹುಡುಗ, ಮೇಲ್ಜಾತಿಯ ಹುಡುಗಿ ಎಂಬ ಇದೇ ವಸ್ತುವಿಗೆ ನಮ್ಮ ಹಳ್ಳಿಗಳಲ್ಲಿ ಕುಡುಗೋಲು ಎತ್ತುತ್ತಾರೆ. ಅದೇ ವಸ್ತುವಿಗೆ ನಗರದ ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತದೆ. ಎರಡರ ಮೂಲ ಭಾವ ಒಂದೇ: ಇವನಿಗೆ ಅವಳೇ?

ಇಂಥ ಕಡೆ ಆಕ್ಷೇಪ ಎತ್ತಿದ ದಲಿತನಿಗೆ ಸಿಗುವ ಬಿರುದು 'ಹಾಸ್ಯಪ್ರಜ್ಞೆ ಇಲ್ಲದವನು'. 2012ರಲ್ಲಿ ಎನ್‌ಸಿಇಆರ್‌ಟಿ ಪಠ್ಯಪುಸ್ತಕದಲ್ಲಿದ್ದ ಶಂಕರ್ ಅವರ 1949ರ ವ್ಯಂಗ್ಯಚಿತ್ರದ ಬಗ್ಗೆ ಸಂಸತ್ತಿನಲ್ಲಿ ಗದ್ದಲವಾಯಿತು. ಬಸವನಹುಳುವಿನ ಮೇಲೆ ಕೂತ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ ಇದ್ದ ಚಿತ್ರ ಅದು. ಆಗ ಉದಾರವಾದಿಗಳೂ ನಮಗೆ ಇದೇ ಬಿರುದು ಕೊಟ್ಟರು. ಸ್ವತಃ ವ್ಯಂಗ್ಯಚಿತ್ರಕಾರರಾದ ಉನ್ನಮತಿ ಶ್ಯಾಮ ಸುಂದರ್ ಅದಕ್ಕೆ ಘೋಷಣೆಯಿಂದ ಉತ್ತರ ಕೊಡಲಿಲ್ಲ. 1932ರಿಂದ 1956ರವರೆಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಅಂಬೇಡ್ಕರ್ ವ್ಯಂಗ್ಯಚಿತ್ರಗಳನ್ನು ಹುಡುಕಿ ತೆಗೆದು, ಒಂದೊಂದಕ್ಕೂ ಟಿಪ್ಪಣಿ ಬರೆದು, 2019ರಲ್ಲಿ ಪುಸ್ತಕವಾಗಿ ತಂದರು. ಒಂದೊಂದಾಗಿ ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಚಿತ್ರವೂ 'ಬರೀ ತಮಾಷೆ'. ಸಾಲಾಗಿ ಇಟ್ಟು ನೋಡಿದರೆ ಅದು ಒಂದು ಕಾಲದ ಸವರ್ಣ ಪತ್ರಿಕೆಗಳ ಮನಸ್ಸಿನ ದಫ್ತರ. ವಿಮರ್ಶೆಯ ಕೆಲಸ ಇದು: ಬಿಡಿ ತಮಾಷೆಗಳನ್ನು ಸಾಲಾಗಿ ಇಡುವುದು.

4

ಕನ್ನಡದ ನಗೆಯನ್ನು ಹೀಗೆ ಸಾಲಾಗಿಟ್ಟರೆ ಏನು ಕಾಣುತ್ತದೆ? ಕೈಲಾಸಂ ತಮ್ಮ ನಾಟಕಗಳಲ್ಲಿ ನಗೆಗೀಡು ಮಾಡಿದ್ದು ಹೆಚ್ಚಾಗಿ ಹಳೆ ಮೈಸೂರಿನ ಬ್ರಾಹ್ಮಣ ಮನೆಗಳನ್ನೇ. 'ಟೊಳ್ಳುಗಟ್ಟಿ'ಯಲ್ಲಿ ಪುಸ್ತಕ ಉರು ಹೊಡೆಯುವ ಮಗ ಟೊಳ್ಳು, ಪರೀಕ್ಷೆಯಲ್ಲಿ ಹಿಂದುಳಿದ ಮಗ ಗಟ್ಟಿ. ಬೀಚಿಯವರ ತಿಮ್ಮ ಪೆದ್ದನಂತೆ ಕಂಡರೂ ದೊಡ್ಡ ಮನುಷ್ಯರ ಬೂಟಾಟಿಕೆಯನ್ನು ಬಯಲಿಗೆಳೆಯುತ್ತಾನೆ. ಇವು ಒಳ್ಳೆಯ ನಗೆ, ಆರೋಗ್ಯಕರ ನಗೆ. ಇವುಗಳಲ್ಲಿ ಒಂದು ನಿಯಮವಿದೆ: ತಪ್ಪು ಒಬ್ಬ ಮನುಷ್ಯನದು. ಟೊಳ್ಳಾದ ಮಗನ ಪಕ್ಕದಲ್ಲೇ ಅದೇ ಮನೆಯ ಗಟ್ಟಿಯಾದ ಮಗ ಇದ್ದಾನೆ. ಆದ್ದರಿಂದ ಆ ಜಾತಿಯೇ ಟೊಳ್ಳು ಎಂಬ ತೀರ್ಮಾನ ಹುಟ್ಟುವುದಿಲ್ಲ.

ಈಗ ನಮ್ಮ ಕಾಲೇಜು ನಾಟಕಗಳ, ಟೀವಿ ಪ್ರಹಸನಗಳ, ಸಿನಿಮಾಗಳ ಆಳನ್ನು ನೋಡಿ. ಅವನ ಹೆಸರು ನಿಂಗ, ಕರಿಯ, ಮಾರ ಇವುಗಳಲ್ಲಿ ಒಂದಾಗಿರುತ್ತದೆ. ಹೆಗಲ ಮೇಲೆ ಟವಲು, ಬಾಯಲ್ಲಿ ಹೆಂಡದ ವಾಸನೆ, ಕಾಲು ಗಂಟೆಗೊಮ್ಮೆ ಏಟು. ಒಡೆಯ ಶಿಷ್ಟ ಕನ್ನಡ ಆಡುತ್ತಾನೆ. ಇವನು ಆಡುಮಾತು ಆಡುತ್ತಾನೆ, 'ಹ'ಕಾರ ಬಿಡುತ್ತಾನೆ. ಆ ಉಚ್ಚಾರಣೆಗೇ ಸಭೆ ನಗುತ್ತದೆ. ಬೇರೆ ತಮಾಷೆಯೇ ಬೇಕಿಲ್ಲ. ಇದೇ ಉಚ್ಚಾರಣೆಯಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ'ಯನ್ನು ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಭಾಷೆಯಲ್ಲಿ ಮಹಾಕಾವ್ಯದ ಕಸುವಿದೆ ಎಂದು ನಮ್ಮ ವಿಮರ್ಶಕರು ಬರೆದು ಮೂರು ದಶಕ ದಾಟಿತು. ಟೀವಿಯ ನಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಲ್ಲಿ ಗುಂಡ ದಡ್ಡನಾದರೆ ಗುಂಡನೊಬ್ಬನೇ ದಡ್ಡ. ನಿಂಗ ದಡ್ಡನಾದರೆ ಅವನ ಕೇರಿಯೇ ದಡ್ಡ.

ಮೈಬಣ್ಣದ ಕತೆಯೂ ಇದೇ. ಕಪ್ಪು ಹೆಣ್ಣನ್ನು 'ನೋಡಲು ಬಂದ' ಗಂಡು ಬೆಚ್ಚಿಬೀಳುವುದು ನಮ್ಮ ಹಾಸ್ಯದ ಸವಕಲು ನಾಣ್ಯ. ಇಲ್ಲಿ ಜಾತಿಯ ಹೆಸರು ಬರುವುದಿಲ್ಲ ನಿಜ. ಬಿಸಿಲಲ್ಲಿ ದುಡಿಯುವವರ ಬಣ್ಣ, ನೆರಳಲ್ಲಿ ಕೂತವರ ಬಣ್ಣ ಎಂಬ ಭೇದವನ್ನು ಸಭೆ ತಾನೇ ಸೇರಿಸಿಕೊಳ್ಳುತ್ತದೆ. ಅಮೆರಿಕದ ಜನಾಂಗದ್ವೇಷಕ್ಕೂ ಕರ್ನಾಟಕಕ್ಕೂ ಏನು ಸಂಬಂಧ ಎನ್ನುವವರು ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಹೋಗಿ ಬರಲಿ. ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಅಲ್ಲಿದ್ದಾರೆ, ಕನ್ನಡ ಕೊಂಕಣಿ ಆಡುತ್ತಾರೆ. ಚಿನುವ ಅಚಿಬೆಯ ಕಾದಂಬರಿ ಕನ್ನಡದ ನಾಟಕವಾದಾಗ ಸಿದ್ದಿಗಳು ಅದರಲ್ಲಿ ಅಭಿನಯಿಸಿ, ಒಂದು ಸಮುದಾಯದ ಘನತೆಯನ್ನೂ ದುರಂತವನ್ನೂ ರಂಗಕ್ಕೆ ತಂದರು. ಸಿನಿಮಾಕ್ಕೆ ಮಾತ್ರ ಆ ಮುಖ ಹೆಚ್ಚಾಗಿ ಬೇಕಾಗುವುದು ಹೆದರಿಸಲು ಇಲ್ಲವೆ ನಗಿಸಲು.

ಇವೆಲ್ಲದರ ತಾಯಿಬೇರು ಗಾದೆ. ಗಾದೆಯೂ ಒಂದು ಬಗೆಯ ತಮಾಷೆಯೇ. ಹೇಳಿದವರ ಹೆಸರಿಲ್ಲ, ಆದ್ದರಿಂದ ಹೊಣೆಯೂ ಇಲ್ಲ. ಊರಿದ್ದ ಮೇಲೆ ಹೊಲಗೇರಿ ಇದ್ದದ್ದೇ ಎಂಬ ಗಾದೆಯನ್ನು 2023ರ ಆಗಸ್ಟಿನಲ್ಲಿ ನಟ ಉಪೇಂದ್ರ ಒಂದು ಲೈವ್ ಮಾತುಕತೆಯಲ್ಲಿ ಬಳಸಿದರು. ವಿರೋಧ ಬಂದಾಗ ವಿಡಿಯೊ ತೆಗೆದು ಕ್ಷಮೆ ಕೇಳಿದರು. ಪೊಲೀಸ್ ಪ್ರಕರಣಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. 'ಅದು ಗಾದೆ ಅಷ್ಟೇ ಕಣ್ರೀ' ಎಂದು ಅಭಿಮಾನಿಗಳು ವಾದಿಸಿದರು. ಆ 'ಅಷ್ಟೇ' ಎಂಬುದರಲ್ಲೇ ಎಲ್ಲ ಇದೆ. ಒಳ್ಳೆಯದರ ಜೊತೆ ಕೆಟ್ಟದ್ದೂ ಇರುತ್ತದೆ ಎಂದು ಹೇಳಲು ಕೆಟ್ಟದ್ದಕ್ಕೆ ಉಪಮಾನವಾಗಿ ಸಿಕ್ಕಿದ್ದು ಲಕ್ಷಾಂತರ ಜನ ಹುಟ್ಟಿ ಬೆಳೆದ ಕೇರಿ. ಆ ಉಪಮಾನ ಹುಟ್ಟಿದ ಕಾಲದಲ್ಲಿ ಕೇರಿಯವನು ಊರಿನ ಮಾತು ಕೇಳುವಷ್ಟು ಹತ್ತಿರ ಬರುವಂತಿರಲಿಲ್ಲ. ಈಗ ಕೇಳಿಸಿಕೊಂಡ. ಗಲಾಟೆಯಾದದ್ದು ಅದಕ್ಕೆ.

5

ನಾನು ಪಾಠ ಮಾಡುವುದು ಒಂದು ಪದವಿ ಕಾಲೇಜಿನಲ್ಲಿ. ಪ್ರತಿ ವರ್ಷ ಹೊಸ ಹುಡುಗರು ಬಂದಾಗ, ವಾರ್ಷಿಕೋತ್ಸವ ಬಂದಾಗ ಪ್ರಹಸನಗಳು ಆಗುತ್ತವೆ. ಮೀಸಲಾತಿಯಲ್ಲಿ ಡಾಕ್ಟರಾದವನು ಹೊಟ್ಟೆಯೊಳಗೆ ಕತ್ತರಿ ಮರೆಯುವ ಪ್ರಸಂಗವಂತೂ ತಪ್ಪುವುದಿಲ್ಲ. ಸಭೆಯಲ್ಲಿ ಅರ್ಧದಷ್ಟು ಹುಡುಗ ಹುಡುಗಿಯರು ಹಾಸ್ಟೆಲಿನಿಂದ, ಸ್ಕಾಲರ್‌ಶಿಪ್ಪಿನಿಂದ ಓದುತ್ತಿರುವವರು. ಅವರೂ ನಗುತ್ತಾರೆ. ಕೆಲವರು ಉಳಿದವರಿಗಿಂತ ಜೋರಾಗಿ ನಗುತ್ತಾರೆ. ಒಬ್ಬ ಹುಡುಗನನ್ನು ಒಮ್ಮೆ ಕೇಳಿದೆ, 'ಯಾಕೋ ಅಷ್ಟು ನಕ್ಕೆ?' ಅವನು ತಲೆ ತಗ್ಗಿಸಿ, 'ನಗದೇ ಇದ್ರೆ ಗೊತ್ತಾಗಿಬಿಡುತ್ತಲ್ಲಾ ಸಾರ್' ಅಂದ.

ಈ ಮಾತು ಯಾವ ಸಿದ್ಧಾಂತಗ್ರಂಥಕ್ಕಿಂತ ಹೆಚ್ಚು ಹೇಳುತ್ತದೆ. ಅವನಿಗೆ ನಗು ಬರಲಿಲ್ಲ. ಅವನು ನಗು ಕಟ್ಟಿದ, ಸುಂಕ ಕಟ್ಟುವಂತೆ. ಊರೊಳಗಿನ ಸಭೆಯಲ್ಲಿ ಕೂರಲು ಕೇರಿಯವನು ತೆರುವ ಸುಂಕ ಅದು. ಬರ್ಟ್ ವಿಲಿಯಮ್ಸ್ ಬಳಿದುಕೊಂಡ ಮಸಿ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಹುಡುಗರು ಬಳಿದುಕೊಳ್ಳುವ ಈ ಮಸಿ ಹಲ್ಲು ಬಿಟ್ಟ ನಗೆಯ ಹಿಂದೆ ಅಡಗಿರುವುದರಿಂದ ಯಾರಿಗೂ ಕಾಣುವುದಿಲ್ಲ. 'ನೋಡಿ, ಅವರೇ ನಗ್ತಿದಾರೆ, ನಿಮಗೇನು ಕಷ್ಟ?' ಎಂದು ಕೇಳುವ ಮೇಷ್ಟ್ರುಗಳಿಗೆ ಹೇಳಬೇಕಾದ್ದು ಇಷ್ಟೇ: ನಗುವವರೆಲ್ಲ ನಕ್ಕವರಲ್ಲ.

6

ಕಾನೂನು ಇಲ್ಲಿ ಏನು ಮಾಡಬಲ್ಲದು? 1989ರ ದೌರ್ಜನ್ಯ ತಡೆ ಕಾಯಿದೆ, ಅದಕ್ಕೆ 2015ರಲ್ಲಾದ ತಿದ್ದುಪಡಿ, ಜಾತಿಯ ಹೆಸರಿನಿಂದ ಸಾರ್ವಜನಿಕರ ಕಣ್ಣೆದುರು ನಿಂದಿಸುವುದನ್ನೂ ಸಮುದಾಯ ಗೌರವಿಸುವ ತೀರಿಕೊಂಡ ವ್ಯಕ್ತಿಗಳನ್ನು ಅವಮಾನಿಸುವುದನ್ನೂ ಅಪರಾಧವೆಂದಿವೆ. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಜಾತಿಯ ಹೆಸರಿನ ನಿಘಂಟಿನ ಅರ್ಥ ನೋಡಿದರೆ ಸಾಲದು, ಜನಬಳಕೆಯಲ್ಲಿ ಅದು ಬೈಗುಳವಾಗಿ ಬಳಕೆಯಾಗುತ್ತಿದೆಯೇ ಎಂದು ನೋಡಬೇಕು. 2011ರ ಆರುಮುಗಂ ಸೇರ್ವೈ ಪ್ರಕರಣದಲ್ಲಿ ತಮಿಳುನಾಡಿನ ಜಾತಿ ಬೈಗುಳಗಳನ್ನು ಅಮೆರಿಕದ ಕಪ್ಪು ಜನರ ಮೇಲಿನ ಆ ಪದಕ್ಕೆ ನೇರವಾಗಿ ಹೋಲಿಸಿತು. ಭಾಷೆಯ ಬಗ್ಗೆ ನಮ್ಮ ಎಷ್ಟೋ ಸಾಹಿತ್ಯ ವಿಮರ್ಶಕರಿಗಿಂತ ಈ ತೀರ್ಪುಗಳು ಹೆಚ್ಚು ಸೂಕ್ಷ್ಮವಾಗಿವೆ. ಆದರೆ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಅದೇ ಕೋರ್ಟು, ಹೊರಗಿನವರಿಲ್ಲದ ನಾಲ್ಕು ಗೋಡೆಗಳ ನಡುವಿನ ನಿಂದನೆ ಸಾರ್ವಜನಿಕರ ಕಣ್ಣೆದುರು ಆದದ್ದಲ್ಲ ಎಂದಿತು. ತಮಾಷೆ ಹುಟ್ಟಿ ಬೆಳೆಯುವುದು ಆ ನಾಲ್ಕು ಗೋಡೆಗಳೊಳಗೆ, ಊಟದ ಮೇಜಿನ ಸುತ್ತ. ಅಲ್ಲಿಗೆ ಪೊಲೀಸರೂ ಹೋಗಲಾರರು, ಹೋಗಲೂಬಾರದು.

ಇನ್ನೊಂದು ಎಚ್ಚರವೂ ಬೇಕು. 2021ರ ಜನವರಿಯಲ್ಲಿ ಇಂದೋರ್‌ನಲ್ಲಿ ಮುನಾವರ್ ಫಾರೂಕಿ ಎಂಬ ಹಾಸ್ಯಗಾರನನ್ನು ಬಂಧಿಸಿದರು. ಆರೋಪಿಸಿದ ತಮಾಷೆಯನ್ನು ಆ ಸಂಜೆ ಅವನು ಇನ್ನೂ ಹೇಳಿಯೇ ಇರಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದ. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲೂ ಅವನ ಕಾರ್ಯಕ್ರಮ ರದ್ದಾಯಿತು. ನಗೆಯನ್ನು ಹಿಡಿಯಲು ನಾವು ಕೊಟ್ಟ ಕೋಲು ಮೊದಲು ಯಾರ ಬೆನ್ನಿಗೆ ಬೀಳುತ್ತದೆ ಎಂದು ಯೋಚಿಸಬೇಕು. ಅವಮಾನಕ್ಕೊಳಗಾದವನು ದೂರು ಕೊಡುವ ಹಕ್ಕನ್ನು ನಾನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಆ ಕಾಯಿದೆ ನಮಗೆ ಯಾರೂ ದಾನವಾಗಿ ಕೊಟ್ಟದ್ದಲ್ಲ. ಆದರೆ ಎಫ್‌ಐಆರ್ ಒಂದು ವಿಮರ್ಶೆಯಲ್ಲ. ಅದು ಹೇಳಿದವನನ್ನು ಮುಟ್ಟುತ್ತದೆ, ನಕ್ಕ ಸಭೆಯನ್ನು ಮುಟ್ಟುವುದಿಲ್ಲ.

7

ಸಭೆಯನ್ನು ಮುಟ್ಟುವುದು ಇನ್ನೊಂದು ನಗೆ. ಆ ನಗೆ ನಮ್ಮಲ್ಲಿ ಮೊದಲಿಂದ ಇದೆ. ಕೊಡಗಿನ ಕುಂಡೆ ಹಬ್ಬದಲ್ಲಿ ಆದಿವಾಸಿಗಳು ವೇಷ ಹಾಕಿ ಬೀದಿಗಿಳಿದು ದೇವರನ್ನೂ ಧಣಿಯನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಧಣಿ ಎದುರಿಗೇ ಇರುತ್ತಾನೆ, ಕೇಳಿಸಿಕೊಳ್ಳುತ್ತಾನೆ, ಕಾಸನ್ನೂ ಕೊಡುತ್ತಾನೆ. ಮಾರನೆಯ ದಿನ ತೋಟದ ಕೆಲಸ ಮತ್ತೆ ಅದೇ. ವರ್ಷಕ್ಕೊಮ್ಮೆ ಕೊಟ್ಟ ಈ ಪರವಾನಗಿಯನ್ನು ಕ್ರಾಂತಿ ಎಂದು ನಾನು ಹೇಳಲಾರೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಕೆಳಗಿನಿಂದ ಮೇಲಕ್ಕೆ ಹೋಗುವ ನಗೆಗೆ ಯಾರ ಮೇಲೆ ನಗುತ್ತೇವೋ ಅವನು ಎದುರಿಗಿರಬೇಕು. ಮೇಲಿನಿಂದ ಕೆಳಕ್ಕೆ ಬರುವ ನಗೆಗೆ ಅವನು ಇರಬಾರದು. ಎರಡನ್ನೂ 'ಹಾಸ್ಯ' ಎಂಬ ಒಂದೇ ಹೆಸರಿನಿಂದ ಕರೆಯುವುದು ನಮ್ಮ ಸೌಂದರ್ಯಮೀಮಾಂಸೆಯ ಸೋಮಾರಿತನ.

'ಊರುಕೇರಿ'ಯ ಆರಂಭದಲ್ಲೇ ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುವ ಚಿತ್ರ ಬರುತ್ತದೆ. ಮಗುವಿನ ಕಣ್ಣಿಗೆ ಅದು ಮೊದಲು ವಿಚಿತ್ರವಾಗಿ ಕಾಣುತ್ತದೆ. ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಓದುಗನಿಗೆ ತಿಳಿದಾಗ ತುಟಿಯ ಮೇಲಿನ ನಗೆ ಒಣಗುತ್ತದೆ. ನಗಲು ಬಂದವನನ್ನು ನಗೆಯ ನಡುವೆ ಹಿಡಿದು ನಿಲ್ಲಿಸಿ, 'ನೀನು ನಕ್ಕದ್ದು ಯಾರನ್ನು ನೋಡಿ?' ಎಂದು ಕೇಳುವ ಕಲೆ ಅದು. ಅರವಿಂದ ಮಾಲಗತ್ತಿಯವರು ಇನ್ನೊಂದು ದಾರಿ ಹಿಡಿದರು. ಮೀಸಲಾತಿ ಪಡೆದವರನ್ನು ಚುಚ್ಚಲು ಕ್ಲಾಸಿನಲ್ಲಿ, ಕಚೇರಿಯಲ್ಲಿ ಬಳಸುತ್ತಿದ್ದ ಕುಹಕದ ಮಾತನ್ನೇ ಎತ್ತಿ 1994ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಎಸೆದ ಕಲ್ಲನ್ನು ಹಿಡಿದು ಅಂಗಳದ ಮೆಟ್ಟಿಲು ಮಾಡಿಕೊಂಡಂತೆ. ಆ ಮೇಲೆ ಆ ಮಾತನ್ನು ಆಡುವವನ ಬಾಯಿಗೆ ಮೊದಲಿನ ರುಚಿ ಉಳಿಯಲಿಲ್ಲ.

ಸ್ಟ್ಯಾಂಡ್ ಅಪ್ ರಂಗಕ್ಕೂ ಈಗ ಆ ನಗೆ ಬಂದಿದೆ. ಮಂಜೀತ್ ಸರ್ಕಾರ್ 'ಅನ್‌ಟಚಬಲ್' ಎಂಬ ಹೆಸರಿನಲ್ಲೇ ಊರೂರಿನ ವೇದಿಕೆಗಳಲ್ಲಿ ಕಾರ್ಯಕ್ರಮ ಕೊಟ್ಟರು. ಮಹಾರಾಷ್ಟ್ರದ ಅಂಕುರ್ ತಾಂಗಡೆ ಮತ್ತಿತರ ಗೆಳೆಯರೊಂದಿಗೆ ಸೇರಿ ಅವರು ಕಟ್ಟಿದ ತಂಡದ ಹೆಸರು 'ಬ್ಲೂ ಮಟೀರಿಯಲ್'. ಹಾಸ್ಯದ ಕಸುಬಿನಲ್ಲಿ ಬ್ಲೂ ಎಂದರೆ ಅಶ್ಲೀಲ. ನಮಗೆ ನೀಲಿ ಎಂದರೆ ಬಾಬಾಸಾಹೇಬರ ಬಣ್ಣ. ಈ ಶ್ಲೇಷೆಯ ಆಡದ ಅರ್ಧವನ್ನು ಸೇರಿಸಬಲ್ಲವರು ಕೇರಿಯಿಂದ ಬಂದವರು. ಮೊದಲ ಬಾರಿಗೆ ತಮಾಷೆ ಅರ್ಥವಾಗದೆ ಪಿಳಿಪಿಳಿ ನೋಡುವ ಸರದಿ ಸವರ್ಣ ಕೇಳುಗನದು!

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ನಮ್ಮ ಸಭೆಗಳಲ್ಲೂ ಇಲ್ಲದವರಿದ್ದಾರೆ. ಸಂಘಟನೆಯ ಕಾರ್ಯಕ್ರಮ ಮುಗಿದು ರಾತ್ರಿ ಕೂತಾಗ ಹೆಂಗಸರ ಮೇಲೆ ಹಾರುವ ತಮಾಷೆಗಳು, ಎಡಗೈಯವರು ಬಲಗೈಯವರ ಮೇಲೆ, ಬಲಗೈಯವರು ಎಡಗೈಯವರ ಮೇಲೆ ಕಟ್ಟಿದ ಗೇಲಿಗಳು, ಮಲ ಬಾಚುವವರ ಬಗ್ಗೆ, ಮಂಗಳಮುಖಿಯರ ಬಗ್ಗೆ ನಮ್ಮ ಬಾಯಲ್ಲಿ ಓಡಾಡುವ ಮಾತುಗಳು ಎಲ್ಲಿಂದ ಬಂದವು? ಒಂದು ನಗೆಯಲ್ಲಿ ಹಳೆಯ ಹಿಂಸೆಯನ್ನು ಕೇಳಿಸಿಕೊಂಡು ಎದ್ದುಹೋದ ಅದೇ ಡೇವ್ ಶಾಪೆಲ್ ಟ್ರಾನ್ಸ್‌ಜೆಂಡರ್ ಜನರ ಮೇಲೆ ತಮಾಷೆ ಕಟ್ಟಿದ. 2021ರ ಅಕ್ಟೋಬರಿನಲ್ಲಿ ಆ ಕಾರ್ಯಕ್ರಮವನ್ನು ವಿರೋಧಿಸಿ ನೆಟ್‌ಫ್ಲಿಕ್ಸ್ ನೌಕರರು ಕೆಲಸ ಬಿಟ್ಟು ಹೊರಬಂದರು. ತನ್ನ ಮೇಲೆ ಬಿದ್ದ ನಗೆಯನ್ನು ಗುರುತಿಸಿದ ಕಿವಿ ತಾನು ಹುಟ್ಟಿಸಿದ ನಗೆಗೆ ಕಿವುಡಾಯಿತು. ನಮಗೂ ಇದು ಆಗಬಹುದು, ಆಗುತ್ತಿದೆ.

ಇದಕ್ಕೆ ಬದಲಾಗಿ ರಿಚರ್ಡ್ ಪ್ರಯರ್ ಎಂಬ ಇನ್ನೊಬ್ಬ ಕಪ್ಪು ಹಾಸ್ಯಗಾರನನ್ನು ನೆನೆಯಬಹುದು. ಕಪ್ಪು ಜನರನ್ನು ಹೀಗಳೆಯುವ ಪದವನ್ನು ಅವನು ವರ್ಷಗಟ್ಟಲೆ ತನ್ನದೇ ಅಸ್ತ್ರವಾಗಿ ರಂಗದ ಮೇಲೆ ಬಳಸಿದ್ದ. 1979ರಲ್ಲಿ ಕೀನ್ಯಾಕ್ಕೆ ಹೋದ. ಸುತ್ತಲೂ ಕಪ್ಪು ಜನರೇ, ಎಲ್ಲ ಕೆಲಸಗಳಲ್ಲೂ ಅವರೇ. ಅಲ್ಲಿ ಆ ಪದಕ್ಕೆ ಹೊಂದುವ ಒಬ್ಬನೂ ಅವನಿಗೆ ಕಾಣಲಿಲ್ಲ. ಅಂದಿನಿಂದ ಆ ಪದವನ್ನು ಬಿಡುವುದಾಗಿ ಹೇಳಿದ. ಯಾರೂ ಕೇಸು ಹಾಕಿರಲಿಲ್ಲ. ಬೇರೊಂದು ಸಭೆಯನ್ನು ಕಂಡಿದ್ದ, ಅಷ್ಟೆ.

ಹಾಗಾಗಿ ದಲಿತ ವಿಮರ್ಶೆ ನಗೆಯನ್ನು ಓದುವಾಗ ಮೂರು ಸರಳ ಪ್ರಶ್ನೆಗಳನ್ನು ಇಟ್ಟುಕೊಳ್ಳಲಿ ಎಂದು ನನ್ನ ಸೂಚನೆ. ತಮಾಷೆಯ ಆಡದ ಅರ್ಧ ಯಾವುದು, ಅದು ಯಾರ ಗಂಟಿನಿಂದ ಬಂತು? ತಪ್ಪು ಒಬ್ಬನದೋ, ಕೇರಿಯದೋ? ಇದೇ ಮಾತನ್ನು ಅವನು ಎದುರಿಗೆ ಕೂತಿದ್ದರೂ ಆಡುತ್ತಿದ್ದರೆ? ಈ ಪ್ರಶ್ನೆಗಳಿಗೆ ದೊಡ್ಡ ಓದು ಬೇಕಿಲ್ಲ. ಹಾಸ್ಟೆಲಿನ ಹುಡುಗರೂ ಕೇಳಬಹುದು, ಟೀವಿ ಮುಂದೆ ಕೂತ ಅವ್ವಂದಿರೂ ಕೇಳಬಹುದು.

ನಾವೀಗ ಸಭೆಯಲ್ಲಿದ್ದೇವೆ. ಮುಂದಿನ ಸಾಲಿನಲ್ಲಿ ಅಲ್ಲದಿದ್ದರೂ ಹಿಂದಿನ ಸಾಲುಗಳಲ್ಲಿ ಬೇಕಾದಷ್ಟು ಜನ ಕೂತಿದ್ದೇವೆ. ನಗು ಬಂದರೆ ಹೊಟ್ಟೆ ತುಂಬ ನಗೋಣ. ಬರದಿದ್ದರೆ ಸುಂಕ ಕಟ್ಟುವುದು ಬೇಡ. ಒಂದು ಸಭೆಯಲ್ಲಿ ನಾಲ್ಕು ಜನ ನಗದೆ ಸುಮ್ಮನೆ ನೇರ ನೋಡುತ್ತ ಕೂತರೆ, ವೇದಿಕೆಯ ಮೇಲಿನವನ ಮುಂದಿನ ಮಾತು ಗಂಟಲಲ್ಲೇ ನಿಲ್ಲುತ್ತದೆ.